ಮುಳುಗುವ ನೆಲ ಬಿಡುವ ನೀರು: ಅರಿಮಾದಿಂದ ಜಾವೋವರೆಗೆ

ಮೊದಲ ದಿನ: ಅರಿಮಾ

ಕೋಬೆ ನಗರದ ಬೆನ್ನಿಗೇ ರೊಕ್ಕೋ ಬೆಟ್ಟಸಾಲು. ಅದರ ಆಚೆ ಮಗ್ಗುಲಿನ ಕಣಿವೆಯಲ್ಲಿ ಅರಿಮಾ ಎಂಬ ಪುಟ್ಟ ಊರಿದೆ. ಸನ್ನೊಮಿಯಾದಲ್ಲಿ ರೈಲು ಹತ್ತಿ ತನಿಗಾಮಿಯಲ್ಲೊಮ್ಮೆ, ಅರಿಮಾಗುಚಿಯಲ್ಲೊಮ್ಮೆ ಗಾಡಿ ಬದಲಿಸಿದರೆ ಆಯಿತು. ಏರುತಗ್ಗಿನ ಓಣಿಗಳು, ಮರದ ಮುಂಗಟ್ಟಿನ ಅಂಗಡಿಗಳು, ಇಲ್ಲಿನದೇ ಬುಗ್ಗೆಯ ಸೋಡಾ ನೀರಿನಲ್ಲಿ ಹಿಟ್ಟು ಕಲಸಿ ಸುಡುವ ತೆಳ್ಳನೆಯ ಬಿಸ್ಕತ್ತಿನ ಪರಿಮಳ. ಹದಿನಾರನೆಯ ಶತಮಾನದಲ್ಲಿ ಜಪಾನನ್ನು ಒಗ್ಗೂಡಿಸಿದ ತೊಯೊತೊಮಿ ಹಿದೆಯೊಶಿ ಮತ್ತೆ ಮತ್ತೆ ಇಲ್ಲಿಗೆ ಬಂದು ಮೀಯುತ್ತಿದ್ದನಂತೆ. ಅವನ ಹೆಸರಿಲ್ಲದ ಫಲಕ ಊರಿನಲ್ಲಿ ಒಂದೂ ಕಾಣಲಿಲ್ಲ.

ನಾನು ಬಂದದ್ದು ಹಿದೆಯೊಶಿಯ ಸಲುವಾಗಿ ಅಲ್ಲ. ತಂಗಿಯ ಮಗಳು ಜಪಾನಿನಲ್ಲಿ ಶಿಲೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನ್ನನ್ನು ಅವಳು ಫೋನಿನಲ್ಲಿ ಕೆಣಕಿದ್ದಳು: “ದೊಡ್ಡಮ್ಮ, ಜ್ವಾಲಾಮುಖಿಯೇ ಇಲ್ಲದ ಕಡೆ 98 ಡಿಗ್ರಿಯ ನೀರು ಏಳುತ್ತದೆ. ಸಮುದ್ರದ ಎರಡು ಪಟ್ಟು ಉಪ್ಪು. ಎಲ್ಲಿಂದ ಬಂತು ಹೇಳಿ ನೋಡೋಣ.” ಮಳೆನೀರು ಆಳಕ್ಕಿಳಿದು ಕಾದು ಮೇಲೆ ಬಂದಿರಬೇಕು ಎಂದೆ. ನಕ್ಕಳು. ಹಾಗಾಗಿ ದೇವಾಲಯ, ಅಂಗಡಿ ಬೀದಿ ಎಲ್ಲವನ್ನೂ ಬದಿಗಿಟ್ಟು ನೀರಿನ ಜಾಡು ಹಿಡಿದೇ ಪ್ರವಾಸ ಮಾಡುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೆವು.

ಸಂಜೆ ಸಾರ್ವಜನಿಕ ಸ್ನಾನಗೃಹಕ್ಕೆ ಹೋದೆವು. ಜಪಾನಿನಲ್ಲಿ ಮೈಮೇಲೆ ನೂಲೂ ಇಲ್ಲದೆ ಹತ್ತು ಜನರ ಜೊತೆ ಕೊಳಕ್ಕಿಳಿಯಬೇಕು. ಮೊದಲ ಐದು ನಿಮಿಷ ಜೀವ ಹಿಡಿಯಾಯಿತು. ಆಮೇಲೆ ನನ್ನ ಕಡೆ ಯಾರೂ ನೋಡುತ್ತಿಲ್ಲ ಎಂಬುದು ಖಚಿತವಾಗಿ, ನಾನು ನೀರನ್ನು ನೋಡತೊಡಗಿದೆ. ಕೆಮ್ಮಣ್ಣು ಕದಡಿದಂಥ ಬಣ್ಣ. ಕೈ ಒಂದು ಗೇಣು ಮುಳುಗಿದರೆ ಬೆರಳು ಕಾಣದು. ತುಟಿಗೆ ತಾಗಿದ ಹನಿ ಉಪ್ಪುಪ್ಪು, ಹಿಂದೆಯೇ ಕಬ್ಬಿಣದ ಒಗರು. ನೆಲದಿಂದ ಹೊರಬರುವಾಗ ಇದು ತಿಳಿನೀರೇ. ಕರಗಿರುವ ಕಬ್ಬಿಣ ಗಾಳಿ ಸೋಕುತ್ತಲೇ ತುಕ್ಕಾಗಿ ಬಣ್ಣ ತಿರುಗುತ್ತದೆ. ಅದಕ್ಕೇ ಇವರು ಇದನ್ನು ಚಿನ್ನದ ನೀರು ಎನ್ನುತ್ತಾರೆ. ಬಣ್ಣವಿಲ್ಲದ, ಸೋಡಾ ಗುಳ್ಳೆಯ ಇನ್ನೊಂದು ಬಗೆಯ ನೀರಿಗೆ ಬೆಳ್ಳಿಯ ನೀರು ಎಂಬ ಹೆಸರು. ಗಂಧಕದ ವಾಸನೆ ಮಾತ್ರ ಎಲ್ಲೂ ಇಲ್ಲ.

ಎರಡನೆಯ ದಿನ: ಬುಗ್ಗೆಯ ಬಾಯಿ, ಆಮೇಲೆ ರೈಲು

ಬೆಳಿಗ್ಗೆ ತೆಂಜಿನ್ ಎಂಬ ಬುಗ್ಗೆಗೆ ಹೋದೆವು. ಚಿಕ್ಕ ಗುಡಿಯ ಅಂಗಳದಲ್ಲಿ ಒಂದು ಉಕ್ಕಿನ ಚೌಕಟ್ಟು, ಅದರೊಳಗಿಂದ ಬುಸುಗುಡುವ ಹಬೆ, ಕೊಳವೆಗಳ ಮೇಲೆಲ್ಲ ಕೆಂಪು ಹೆಪ್ಪು. ಕೊಳವೆಯೊಳಗೂ ಇದೇ ಹೆಪ್ಪು ಕಟ್ಟಿಕೊಳ್ಳುವುದರಿಂದ ಆಗಾಗ ಕೆರೆದು ತೆಗೆಯದಿದ್ದರೆ ನೀರೇ ನಿಂತುಹೋಗುತ್ತದೆ.

ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಹುಡುಗಿ ಬಿಡಿಸಿ ಹೇಳಿದಳು. ನೀರಿನ ಅಣುವಿನಲ್ಲಿರುವ ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಎಂಬ ಬಗೆಗಳಿವೆ. ಮಳೆನೀರಿನಲ್ಲಿ ಅವುಗಳ ಪ್ರಮಾಣಕ್ಕೂ ಜಲಜನಕದ ಬಗೆಗಳ ಪ್ರಮಾಣಕ್ಕೂ ಒಂದು ನಿಶ್ಚಿತ ಲೆಕ್ಕವಿದೆ. ಅರಿಮಾದ ಉಪ್ಪುನೀರು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದರಲ್ಲಿ ಭಾರದ ಆಮ್ಲಜನಕ ಹೆಚ್ಚು. ಸಮುದ್ರದ ನೀರಿಗೂ ಹೊಂದುವುದಿಲ್ಲ. 1970ರ ದಶಕದಲ್ಲಿ ಇದನ್ನು ಅಳೆದವರು ಇದೊಂದು ಬೇರೆಯೇ ಜಾತಿಯ ನೀರೆಂದು ಗುರುತಿಸಿದರು. ಇದರೊಂದಿಗೆ ಏಳುವ ಹೀಲಿಯಂ ಅನಿಲ ಭೂಮಿಯ ಮ್ಯಾಂಟಲಿನಿಂದ, ಅಂದರೆ ಹೊರಚಿಪ್ಪಿನ ಕೆಳಗಿನ ದಪ್ಪ ಕಲ್ಲಿನ ಪದರದಿಂದ, ಬಂದದ್ದೆಂಬ ಗುರುತೂ ಆಮೇಲೆ ಸಿಕ್ಕಿತು. ಈಗ ಹೆಚ್ಚಿನವರು ಒಪ್ಪುವ ವಿವರಣೆ ಇದು: ಜಪಾನಿನ ದಕ್ಷಿಣದ ಕಡಲತಳವಾದ ಫಿಲಿಪ್ಪೀನ್ ಸಮುದ್ರ ಫಲಕ (ಫಲಕವೆಂದರೆ ಭೂಮಿಯ ಹೊರಚಿಪ್ಪಿನ ಚಲಿಸುವ ದೊಡ್ಡ ತುಂಡು) ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಈ ನಾಡಿನ ಅಡಿಗೆ ಜಾರುತ್ತಿದೆ. ಅರಿಮಾದ ಕೆಳಗೆ ಅದು ಸುಮಾರು 60 ಕಿ.ಮೀ. ಆಳದಲ್ಲಿದೆ. ಅಲ್ಲಿ ಅದರ ಕಲ್ಲುಗಳು ಬಿಟ್ಟ ನೀರು ಮೇಲೇರಿ, ಇಲ್ಲಿನ ದೊಡ್ಡ ಬಿರುಕುಗಳ ಗುಂಟ ಹೊರಬೀಳುತ್ತದೆ.

“ಕಲ್ಲು ನೀರು ಬಿಡುವುದು ಎಂದರೆ?” ಎಂದು ಕೇಳಲು ಬಾಯಿ ತೆರೆದವಳು ತಡೆದುಕೊಂಡೆ. ಈ ಪಾಠವನ್ನು ನಾನೇ ಮಾಡಿದ್ದೇನಲ್ಲ! ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರೆಲ್ಲ ಮೈಲುತುತ್ತವನ್ನು ಬಲ್ಲರು. ಅದರ ನೀಲಿ ಹರಳು ಮುಟ್ಟಿದರೆ ಒಣಗಿಯೇ ಇರುತ್ತದೆ. ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ಬಿಳಿಯ ಪುಡಿಯಾಗಿ, ಪ್ರನಾಳದ ಗೋಡೆಯ ಮೇಲೆ ನೀರಿನ ಹನಿ ಮೂಡುತ್ತದೆ. ಹರಳಿನ ಕಟ್ಟಡದಲ್ಲೇ ಸೇರಿಕೊಂಡಿದ್ದ ನೀರು ಅದು. ಕಡಲತಳದ ಬಸಾಲ್ಟ್ ಕಲ್ಲೂ ಕೋಟ್ಯಂತರ ವರ್ಷ ನೀರಿನಲ್ಲಿ ನೆನೆದು ಇಂಥ ಖನಿಜಗಳನ್ನು ಕಟ್ಟಿಕೊಂಡಿರುತ್ತದೆ. ರಂಧ್ರಗಳಲ್ಲಿದ್ದ ನೀರು, ಫಲಕ ಮುಳುಗತೊಡಗುವ ಕಡಲಕಂದಕದ ಬಾಯಲ್ಲೇ ಒತ್ತಡಕ್ಕೆ ಹಿಂಡಿಹೋಗುತ್ತದೆ. ಖನಿಜದೊಳಗಿನದು ಬಿಸಿ ತಾಗುವವರೆಗೆ ಹೊರಬರುವುದಿಲ್ಲ.

ಎಷ್ಟು ಆಳದಲ್ಲಿ ಆ ಬಿಸಿ ತಾಗುತ್ತದೆ ಎಂಬುದೇ ಎಲ್ಲಕ್ಕೂ ಬೀಗದಕೈ ಎಂದು ಅವಳೆಂದಳು. ಅದು ಪೂರ್ತಿ ಅರ್ಥವಾದದ್ದು ಉತ್ತರದ ಜ್ವಾಲಾಮುಖಿ ಜಾವೋ ತಲುಪಿದ ಮೇಲೆ.

ಮಧ್ಯಾಹ್ನ ಶಿನ್‌ಕೋಬೆಯಿಂದ ಒಕಾಯಾಮಾ, ಅಲ್ಲಿಂದ ನಾನ್‌ಪೂ ಎಕ್ಸ್‌ಪ್ರೆಸ್. 1988ರಲ್ಲಿ ತೆರೆದ ಸೆತೊ ಮಹಾಸೇತುವೆಯ ಮೇಲೆ ಸಮುದ್ರ ದಾಟಿ ಶಿಕೋಕು ದ್ವೀಪ. ಊಟ: ಅನ್ನ, ಉಪ್ಪಿನಲ್ಲಿಟ್ಟ ಉಮೆ ಹಣ್ಣು, ಮನೆಯಿಂದ ತಂದ ಚಟ್ನಿಪುಡಿ. ಇಲ್ಲಿನ ಸಾರುಗಳಲ್ಲೆಲ್ಲ ಮೀನಿನ ರಸ ಇರುವುದರಿಂದ ಸಸ್ಯಾಹಾರಿಗೆ ಉಮೆಯೇ ಆಪದ್ಬಾಂಧವ.

ಮೂರನೆಯ ದಿನ: ಒಬೊಕೆ

ಯೊಶಿನೊ ನದಿ ಶಿಕೋಕುವಿನ ಬೆಟ್ಟಗಳನ್ನು ಅಡ್ಡಡ್ಡ ಕೊರೆದು ಮಾಡಿಕೊಂಡ ಕೊರಕಲು ಒಬೊಕೆ. ದೋಣಿಯಲ್ಲಿ ಕರೆದೊಯ್ದು ವಾಪಸು ತರುತ್ತಾರೆ. ದೋಣಿಯವನು ತನ್ನ ಪಾಡಿಗೆ ಜಪಾನಿಯಲ್ಲಿ ವಿವರಿಸುತ್ತಿದ್ದ. ಅವನು ಯಾವುದೋ ಬಂಡೆಯನ್ನು ಸಿಂಹವೆಂದು ತೋರಿಸಿದರೆ ನಮ್ಮ ಹುಡುಗಿ ಅದರ ಪಕ್ಕದ ಬಿಳಿಗೆರೆಯನ್ನು ತೋರಿಸುತ್ತಿದ್ದಳು. ನನಗೆ ಸಿಂಹ ಕಾಣಲೇ ಇಲ್ಲ.

ಎರಡೂ ದಡದಲ್ಲಿ ಪುಸ್ತಕದ ಹಾಳೆಗಳನ್ನು ಓರೆಯಾಗಿ ನಿಲ್ಲಿಸಿದಂತೆ ಪದರು ಪದರಾದ ಕಲ್ಲು. ಇದಕ್ಕೆ ಶಿಸ್ಟ್ ಎಂದು ಹೆಸರು. ಒಂದು ಕಡೆ ನದಿಯ ಉರುಟು ಕಲ್ಲುಗಳಿದ್ದ ಪದರವೂ ಇದೆ; ಆ ಉರುಟುಗಳು ಅಪ್ಪಚ್ಚಿಯಾಗಿ ಬಿಲ್ಲೆಗಳಾಗಿವೆ. ಡೈನೋಸಾರ್‌ಗಳ ಕಾಲದ ಕೊನೆಯ ಭಾಗದಲ್ಲಿ ಆಗಿನ ಕಡಲ ಫಲಕದ ಜೊತೆ ಏಷ್ಯಾದ ಅಂಚಿನಡಿಗೆ ಹೋಗಿ, 15-20 ಕಿ.ಮೀ. ಆಳದಲ್ಲಿ 300 ಡಿಗ್ರಿ ಮೀರಿದ ಬಿಸಿಯಲ್ಲಿ ಬೆಂದು, ಮತ್ತೆ ಮೇಲೆದ್ದು ಬಂದ ಕಲ್ಲು ಇದು. ಫಲಕ ಜಾರುವ ಜಾಗವನ್ನು ನಾವು ಎಂದೂ ಹೋಗಿ ನೋಡಲಾರೆವು. ಹೋಗಿಬಂದದ್ದನ್ನು ಮುಟ್ಟಬಹುದು.

ಬಂಡೆಗಳ ತುಂಬ ಬಿಳಿಯ ಬೆಣಚುಕಲ್ಲಿನ ಎಳೆಗಳು. ಕೆಲವು ಕೂದಲಿನಷ್ಟು ಸಣ್ಣ, ಕೆಲವು ತೋಳಿನಷ್ಟು ದಪ್ಪ. ಆಳದಲ್ಲಿ ಬಿಡುಗಡೆಯಾದ ನೀರಿನ ಒತ್ತಡ ಏರಿ ಕಲ್ಲು ಬಿರಿದಾಗ ಆ ಬಿರುಕಿನಲ್ಲಿ ನೀರು ಹರಿದು, ತಾನು ಕರಗಿಸಿ ತಂದ ಸಿಲಿಕಾವನ್ನು ಅಲ್ಲೇ ಬಿಟ್ಟುಹೋಗಿದೆ. ಮತ್ತೆ ಮುಚ್ಚಿದೆ, ಮತ್ತೆ ಬಿರಿದಿದೆ. ನೀರು ನಡೆದ ದಾರಿಯೇ ಕಲ್ಲಾಗಿ ನಿಂತದ್ದನ್ನು ನೋಡುತ್ತ ದೋಣಿ ತಿರುಗಿದ್ದೂ ತಿಳಿಯಲಿಲ್ಲ.

ದಡದಲ್ಲಿ ಹಸಿರು ಛಾಯೆಯ ಚೂರೊಂದನ್ನು ಕೈಗಿತ್ತು, “ಇದು ನಿಮಗೆ ಪರಿಚಯದ್ದೇ, ದೊಡ್ಡಮ್ಮ” ಎಂದಳು. ಆ ಹಸಿರಿಗೆ ಕಾರಣ ಕ್ಲೋರೈಟ್ ಎಂಬ ಖನಿಜ. ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಗಳ ಕಲ್ಲೂ ಕ್ಲೋರೈಟ್ ತುಂಬಿದ ಶಿಸ್ಟ್. ಕ್ಲೋರೈಟಿನ ತೂಕದಲ್ಲಿ ನೂರಕ್ಕೆ ಸುಮಾರು 12 ಪಾಲು ನೀರು. ಉಳಿಗೆ ಬೆಣ್ಣೆಯಂತೆ ಒಡ್ಡಿಕೊಳ್ಳುತ್ತದೆಂದು ನಾವು ಹೊಗಳುವ ಆ ಕಲ್ಲು ಇಷ್ಟು ನೀರನ್ನು ಹೊತ್ತಿದೆಯೆಂದು ಗೊತ್ತಿದ್ದರೆ ವಿದ್ಯಾರ್ಥಿಗಳನ್ನು ಬೇಲೂರಿಗೆ ಕರೆದೊಯ್ದಾಗ ಇನ್ನೂ ಒಂದು ತಾಸು ತಲೆ ತಿನ್ನುತ್ತಿದ್ದೆ. ಇಲ್ಲಿನ ಚೂರನ್ನು ನದಿಗೇ ಬಿಟ್ಟೆ.

ರಾತ್ರಿ ಬೆಟ್ಟದ ವಸತಿಗೃಹದಲ್ಲಿ ನಿಶ್ಶಬ್ದ. ಆದರೆ ನೆಲದ ಕೆಳಗೆ ನಿಶ್ಶಬ್ದವಿಲ್ಲವಂತೆ. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಜಪಾನ್ ದೇಶದುದ್ದಕ್ಕೂ ಸರಿಸುಮಾರು 20 ಕಿ.ಮೀ.ಗೊಂದರಂತೆ ಕೊಳವೆಬಾವಿ ಕೊರೆದು ಕಂಪನಮಾಪಕಗಳನ್ನು ಇಳಿಸಿತು. ಆ ಜಾಲದ ದಾಖಲೆಗಳಲ್ಲಿ ಕಜುಶಿಗೆ ಒಬಾರಾ ಎಂಬ ವಿಜ್ಞಾನಿಗೆ ವಿಚಿತ್ರವಾದ, ಗಂಟೆಗಟ್ಟಲೆ, ದಿನಗಟ್ಟಲೆ ನಿಲ್ಲದ ಸಣ್ಣ ನಡುಕ ಕಂಡಿತು. 2002ರಲ್ಲಿ ಪ್ರಕಟಿಸಿದರು. ಶಿಕೋಕುವಿನ ಉದ್ದಕ್ಕೂ, ಸುಮಾರು 30 ಕಿ.ಮೀ. ಆಳದಲ್ಲಿ, ಒಂದು ಪಟ್ಟಿಯಾಗಿ ಈ ನಡುಕ ಹುಟ್ಟುತ್ತದೆ. ಫಲಕ ಬಿಟ್ಟ ನೀರು ಮೇಲಿನ ಕಲ್ಲಿಗೂ ಕೆಳಗಿನ ಕಲ್ಲಿಗೂ ನಡುವೆ ಸಿಕ್ಕಿ, ಒತ್ತಡ ಏರಿ, ಎರಡರ ಹಿಡಿತ ಸಡಿಲವಾಗಿ, ಫಲಕ ಸದ್ದಿಲ್ಲದೆ ತುಸು ತುಸುವೇ ಜಾರುವಾಗಿನ ನಡುಕ ಅದು. ಕಡಲಿನ ಉಬ್ಬರವಿಳಿತದ ಅಲ್ಪ ಭಾರಕ್ಕೂ ಅದು ಹೆಚ್ಚುಕಡಿಮೆಯಾಗುತ್ತದೆ ಎಂದರೆ ಹಿಡಿತ ಎಷ್ಟು ಸಡಿಲವಿರಬೇಕು! ನಾನು ಚಾಪೆಗೆ ಕಿವಿಯಿಟ್ಟೆ. ಹುಡುಗಿಯ ಗೊರಕೆ ಕೇಳಿಸಿತು.

ನಾಲ್ಕನೆಯ ದಿನ: ಕೋಚಿ

ಕೋಚಿ ವಿಮಾನ ನಿಲ್ದಾಣದ ಹತ್ತಿರ, ವಿಶ್ವವಿದ್ಯಾಲಯದ ಆವರಣದಲ್ಲಿ ಕಡಲತಳದಿಂದ ಕೊರೆದು ತೆಗೆದ ಮಣ್ಣುಕಲ್ಲಿನ ಉರುಳೆಗಳ ಭಂಡಾರವಿದೆ. ಮೊದಲೇ ಬರೆದು ಅನುಮತಿ ಪಡೆದಿದ್ದೆವು. ದೊಡ್ಡ ಶೀತಲ ಕೋಣೆಗಳು. ಕಪಾಟಿನ ಮೇಲೆ ಕಪಾಟು, ಅದರ ತುಂಬ ಉದ್ದುದ್ದ ಪ್ಲಾಸ್ಟಿಕ್ ಡಬ್ಬಿಗಳು. ಹಿಂದೂ ಮಹಾಸಾಗರದಿಂದ ತೆಗೆದವುಗಳಿಗೂ ಇದೇ ಮನೆ. 2015ರಲ್ಲಿ ನಮ್ಮ ಪಡುವಣ ಕರಾವಳಿಯಾಚೆಯ ಲಕ್ಷ್ಮಿ ಕುಳಿಯಲ್ಲಿ ಕೊರೆದ ಅರಬ್ಬೀ ಸಮುದ್ರದ ಹೂಳು ಕೂಡ ಇಲ್ಲಿಗೇ ಬಂದಿದೆ. ಮಂಗಳೂರಿನ ಕಡಲನ್ನು ಜೀವಮಾನವಿಡೀ ನೋಡಿದವಳು ಅದರ ಅಡಿಯನ್ನು ಕಾಣಲು ಶಿಕೋಕುವಿಗೆ ಬರಬೇಕಾಯಿತು. ಆ ಡಬ್ಬಿ ತೆರೆದು ತೋರಿಸಲಿಲ್ಲ, ಅದು ಬೇರೆ ಮಾತು.

ತೋರಿಸಿದ್ದು 2016ರ ಇನ್ನೊಂದು ಕಥೆಯ ಚಿತ್ರಗಳನ್ನು. ಚಿಕ್ಯೂ ಎಂಬ ಕೊರೆತದ ಹಡಗು ಮುರೊತೊ ಭೂಶಿರದಿಂದ ಸುಮಾರು 125 ಕಿ.ಮೀ. ದೂರ, 4.8 ಕಿ.ಮೀ. ಆಳದ ನೀರಿನಲ್ಲಿ ಕಡಲತಳವನ್ನು 1.18 ಕಿ.ಮೀ. ಕೊರೆಯಿತು. ಉದ್ದೇಶ, ಜೀವ ಎಷ್ಟು ಬಿಸಿಯವರೆಗೆ ಬದುಕುತ್ತದೆ ಎಂದು ನೋಡುವುದು. ಹೊರಗಿನ ಸೂಕ್ಷ್ಮಜೀವಿ ಬೆರೆಯುವ ಮುಂಚೆ, ತಾಜಾ ಇರುವಾಗಲೇ ಪರೀಕ್ಷಿಸಲೆಂದು ಮಾದರಿಗಳನ್ನು ಹೆಲಿಕಾಪ್ಟರಿನಲ್ಲಿ ಈ ಭಂಡಾರಕ್ಕೆ ಹೊತ್ತುತಂದರು. ರಂಧ್ರದ ತಳದಲ್ಲಿ ಬಿಸಿ 120 ಡಿಗ್ರಿ. ಅಲ್ಲೂ ಅಷ್ಟಿಷ್ಟು ಸೂಕ್ಷ್ಮಜೀವಿಗಳಿದ್ದವು.

ನನಗೆ ಜೀವಕ್ಕಿಂತ ಆ 120 ಡಿಗ್ರಿಯೇ ಹೆಚ್ಚು ಸೋಜಿಗ. ಒಂದು ಚಿಲ್ಲರೆ ಕಿಲೋಮೀಟರಿಗೆ ಅಷ್ಟು ಬಿಸಿ! ಕಾರಣ ಮುರೊತೊ ಎದುರು ಮುಳುಗುತ್ತಿರುವ ಕಡಲತಳದ ಎಳೆತನ. ಶಿಕೋಕು ಕುಳಿ ಎಂಬ ಆ ತುಂಡು ಹುಟ್ಟಿದ್ದು ಸುಮಾರು ಮೂರರಿಂದ ಒಂದೂವರೆ ಕೋಟಿ ವರ್ಷಗಳ ಹಿಂದೆ. ಅದರ ಅತ್ಯಂತ ಎಳೆಯ ಭಾಗವೇ ಮುರೊತೊದ ಎದುರಿಗಿದೆ. ಹುಟ್ಟಿದಾಗಿನ ಕಾವು ಆರುವ ಮೊದಲೇ ಮುಳುಗಲು ಹೊರಟಿದೆ.

ಐದನೆಯ ದಿನ: ಮುರೊತೊ

ನಹಾರಿಯವರೆಗೆ ರೈಲು, ಆಮೇಲೆ ಬಸ್. ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಎದ್ದ ದಿಣ್ಣೆಗಳು. ಪ್ರತಿ ಮೆಟ್ಟಿಲೂ ಹಿಂದೊಮ್ಮೆ ಅಲೆ ಬಡಿಯುತ್ತಿದ್ದ ದಡ. 1946ರ ಡಿಸೆಂಬರ್ 21ರಂದು ನಾಂಕಾಯ್ ಭೂಕಂಪವಾದಾಗ ಈ ಭೂಶಿರ ಒಂದು ಮೀಟರಿಗೂ ಹೆಚ್ಚು ಮೇಲೆದ್ದಿತು. ಅಂದಿನಿಂದ ಮತ್ತೆ ನಿಧಾನವಾಗಿ ಕುಸಿಯುತ್ತಿದೆ, ಮುಂದಿನ ಸಲ ಏಳುವವರೆಗೆ. ಬೌದ್ಧ ಗುರು ಕೂಕಾಯ್ ತಪಸ್ಸು ಮಾಡಿದನೆನ್ನುವ ಗುಹೆಯನ್ನು ಅಲೆಗಳೇ ಕೊರೆದವು. ಈಗ ಅದು ಅಲೆಗೆ ಎಟುಕದ ಎತ್ತರದಲ್ಲಿದೆ. ಬಿಳಿಯುಡುಪಿನ ಯಾತ್ರಿಕರು ಕೋಲೂರಿಕೊಂಡು ಸಾಲಾಗಿ ಬರುತ್ತಿದ್ದರು. ಶಿಕೋಕುವಿನ 88 ದೇವಾಲಯಗಳ ಪ್ರದಕ್ಷಿಣೆಯಲ್ಲಿ ಇಪ್ಪತ್ನಾಲ್ಕನೆಯದು ಇಲ್ಲಿನ ಗುಡ್ಡದ ಮೇಲಿದೆ.

ದಡದ ಬಂಡೆಗಳಲ್ಲಿ ಆಳಸಮುದ್ರದ ಮರಳು, ಕೆಸರುಗಳ ಪದರಗಳು ನೆಟ್ಟಗೆ ನಿಂತಿವೆ. ಫಲಕ ಜಾರುವಾಗ ಅದರ ಮೇಲಿನ ಹೂಳನ್ನು ನೆಲದ ಅಂಚು ಕೆರೆದು ಪೇರಿಸಿಕೊಂಡದ್ದು ಅದು. ಆಲ, ಅತ್ತಿಗಳ ಬಳಗದ ಅಕೋ ಮರಗಳು ಆ ಬಂಡೆಗಳಿಗೆ ಬೇರು ಸುತ್ತಿ ಕುಳಿತಿವೆ. ಭೂಶಿರದ ತುದಿಯಲ್ಲಿ ಮಾತ್ರ ಕಲ್ಲು ಬದಲಾಗುತ್ತದೆ: ಕಪ್ಪುಬಿಳಿ ಹರಳುಗಳ ಗ್ಯಾಬ್ರೊ. ಸುಮಾರು 1.4 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾಪಾಕ ಈ ಹೂಳಿನೊಳಗೆ ನುಗ್ಗಿ ಹೆಪ್ಪುಗಟ್ಟಿತು, ತಾಗಿದ ಹೂಳು ಬೆಂದು ಗಟ್ಟಿಯಾಯಿತು. ಕಂದಕದ ಇಷ್ಟು ಹತ್ತಿರ ಶಿಲಾಪಾಕ ಬರುವುದು ಅಪರೂಪ. ಹುಟ್ಟಿ ಮುಗಿಯುತ್ತಲೇ ಮುಳುಗಲು ಬಂದ ಫಲಕದ ಕಾವಿಗೆ ಅದನ್ನು ಜೋಡಿಸುತ್ತಾರೆ.

ಅಲ್ಲಿ ಕುಳಿತಾಗ ಒಂದು ಪ್ರಶ್ನೆ ಕಾಡಿತು. ಇಷ್ಟು ಬಿಸಿಯ ಫಲಕ ಅಡಿಯಲ್ಲಿದ್ದೂ ಇಂದಿನ ಶಿಕೋಕುವಿನಲ್ಲಿ ಉರಿಯುವ ಜ್ವಾಲಾಮುಖಿ ಒಂದೂ ಇಲ್ಲ. ಹುಡುಗಿಯನ್ನು ಕೇಳಿದರೆ, “ಉತ್ತರಕ್ಕೆ ಹೋಗೋಣ ಬನ್ನಿ, ಅಲ್ಲಿ ಫಲಕ ತಣ್ಣಗಿದೆ, ಜ್ವಾಲಾಮುಖಿಗಳು ಸಾಲುಸಾಲಾಗಿವೆ” ಎಂದಳು. ಮೇಷ್ಟರ ಮನೆತನದ ಹುಡುಗಿ. ಉತ್ತರವನ್ನು ಪೂರ್ತಿ ಕೊಡುವುದಿಲ್ಲ.

ಆರನೆಯ ದಿನ: ಪ್ರಯಾಣ

ಕೋಚಿಯಿಂದ ವಿಮಾನದಲ್ಲಿ ಟೋಕಿಯೊ, ಶಿಂಕಾನ್‌ಸೆನ್‌ನಲ್ಲಿ ಸೆಂದಾಯ್. ನಿದ್ದೆ.

ಏಳನೆಯ ದಿನ: ಅರಾಹಾಮಾ

ಸೆಂದಾಯ್ ನಗರದ ಕಡಲಂಚಿನಲ್ಲಿ ಅರಾಹಾಮಾ ಪ್ರಾಥಮಿಕ ಶಾಲೆ. 2011ರ ಮಾರ್ಚ್ 11ರ ಭೂಕಂಪದ ಬೆನ್ನಿಗೆ ಎದ್ದ ಸುನಾಮಿ ಎರಡನೆಯ ಮಹಡಿಯವರೆಗೆ ನುಗ್ಗಿತು. ಚಾವಣಿ ಏರಿದ ಮುನ್ನೂರಕ್ಕೂ ಹೆಚ್ಚು ಜನ ಉಳಿದರು. ಬಾಗಿದ ಕಬ್ಬಿಣದ ಕಟಕಟೆಗಳನ್ನು ಹಾಗೆಯೇ ಬಿಟ್ಟು ಕಟ್ಟಡವನ್ನು ಸ್ಮಾರಕವಾಗಿ ಉಳಿಸಿದ್ದಾರೆ. ತರಗತಿಯ ಕೋಣೆಗಳಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಮೇಷ್ಟ್ರಾಗಿದ್ದವರಿಗೆ ಖಾಲಿ ಬೆಂಚು ಸುಮ್ಮನೆ ಕಾಣಿಸುವುದಿಲ್ಲ.

ಚಾವಣಿಯ ಮೇಲಿಂದ ಕಡಲು ನೋಡುತ್ತ ಅವಳು ಹೇಳಿದ್ದನ್ನು ಬರೆಯುತ್ತೇನೆ. ಭೂಕಂಪದ ಮರುವರ್ಷ ಅದೇ ಚಿಕ್ಯೂ ಹಡಗು ಇಲ್ಲಿನ ಕಂದಕಕ್ಕೆ ಹೋಗಿ, ಸುಮಾರು 6,900 ಮೀಟರ್ ನೀರಿನಡಿ ಕೊರೆದು, ಜಾರಿದ ಬಿರುಕನ್ನೇ ಮುಟ್ಟಿತು. ರಂಧ್ರದಲ್ಲಿ ತಾಪಮಾಪಕಗಳ ಸರವನ್ನು ಇಳಿಬಿಟ್ಟು ತಿಂಗಳುಗಟ್ಟಲೆ ಕಾಯ್ದರು. ಅಂಗೈ ಉಜ್ಜಿದರೆ ಬಿಸಿಯಾಗುತ್ತದಲ್ಲ. ಇಲ್ಲಿ ಒಂದು ಫಲಕ ಇನ್ನೊಂದರ ಮೇಲೆ ಹಲವು ಹತ್ತು ಮೀಟರ್ ಜಾರಿದೆ, ಉಳಿದ ಬಿಸಿ ಎಷ್ಟು? ಬಿರುಕಿನ ಬಳಿ ಸಿಕ್ಕ ಹೆಚ್ಚುವರಿ ತಾಪ ಬರೀ 0.31 ಡಿಗ್ರಿ. ಅದರಿಂದ ಲೆಕ್ಕ ಹಾಕಿದ ಘರ್ಷಣೆಯ ಅಂಕ 0.08. ಸಾಮಾನ್ಯ ಕಲ್ಲಿಗೆ ಅದು 0.6ರ ಆಸುಪಾಸು. ಬಿರುಕಿನಲ್ಲಿ ತುಂಬಿದ್ದದ್ದು ನುಣ್ಣನೆಯ ಜೇಡಿ. ಅದರೊಳಗೆ ಸಿಕ್ಕಿದ ನೀರು ಹೊರಹೋಗಲಾಗದೆ ಕಾದು ಹಿಗ್ಗಿ ಎರಡು ಮಗ್ಗುಲನ್ನೂ ಎತ್ತಿಹಿಡಿದಿರಬೇಕು ಎಂಬುದು ಒಂದು ವಿವರಣೆ. ಕಾಲು ಡಿಗ್ರಿಗಿಂತ ತುಸು ಹೆಚ್ಚಿನ ಆ ಬಿಸಿಯನ್ನು ಏಳು ಕಿಲೋಮೀಟರ್ ನೀರಿನಡಿಯಲ್ಲಿ ಅಳೆದವರ ತಾಳ್ಮೆಗೆ ನನ್ನ ನಮಸ್ಕಾರ.

ಎಂಟನೆಯ ದಿನ: ಜಾವೋ

ಯಮಗಾತಾದಿಂದ ಬಸ್ಸು ಬೆಟ್ಟ ಹತ್ತಿತು. ಅಕ್ಟೋಬರಿನ ಎಲೆಗಳು ಕೆಂಪಾಗಿದ್ದವು. ಪ್ರವಾಸಿಗರೆಲ್ಲ ಕಿಟಕಿಗೆ ಮೊಬೈಲ್ ಹಿಡಿದಿದ್ದರೆ, ನಾನು ಮುರೊತೊದಿಂದ ಬಾಕಿಯಿದ್ದ ಉತ್ತರವನ್ನು ಹುಡುಗಿಯಿಂದ ಹೊರಡಿಸುತ್ತಿದ್ದೆ.

ಇಲ್ಲಿ ಮುಳುಗುತ್ತಿರುವುದು ಪೆಸಿಫಿಕ್ ಫಲಕ. ವಯಸ್ಸು ಸುಮಾರು 13 ಕೋಟಿ ವರ್ಷ. ಹುಟ್ಟಿನ ಕಾವು ಎಂದೋ ಆರಿದೆ. ವೇಗವೂ ಹೆಚ್ಚು, ವರ್ಷಕ್ಕೆ 8 ಸೆಂಟಿಮೀಟರಿನಷ್ಟು. ಹಾಗಾಗಿ ಸುತ್ತಲಿನ ಬಿಸಿ ಅದರ ಒಳಗಿಳಿಯುವುದು ತಡ. ಶಿಕೋಕುವಿನ ಬಿಸಿ ಫಲಕ 30-60 ಕಿ.ಮೀ. ಆಳದಲ್ಲೇ ಬಹುಪಾಲು ನೀರನ್ನು ಕಳೆದುಕೊಂಡರೆ, ಈ ತಣ್ಣನೆಯ ಫಲಕ ತನ್ನ ನೀರನ್ನು 100 ಕಿ.ಮೀ. ಮತ್ತು ಅದರಾಚೆಗೂ ಹೊತ್ತೊಯ್ಯುತ್ತದೆ. ಅಲ್ಲಿ ಅದಕ್ಕಾಗಿ ಬಿಸಿ ಕಾದಿರುತ್ತದೆ. ಫಲಕ ಇಳಿಯುವಾಗ ತನ್ನ ಮೇಲಿನ ಮ್ಯಾಂಟಲನ್ನೂ ಎಳೆದುಕೊಂಡು ಹೋಗುವುದರಿಂದ, ತೆರವಾದ ಮೂಲೆಗೆ ಹಿಂದಿನಿಂದ ಇನ್ನೂ ಬಿಸಿಯಾದ ಮ್ಯಾಂಟಲ್ ನುಗ್ಗುತ್ತದೆ. ಒಣಗಿದ್ದರೆ ಅದು 1,400 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಷ್ಟೇ ಕರಗೀತು. ನೀರು ಸೇರಿತೆಂದರೆ ನೂರಾರು ಡಿಗ್ರಿ ಕಡಿಮೆಗೇ ಕರಗತೊಡಗುತ್ತದೆ. ಬಿಸಿ ಮೇಲಿನದು, ನೀರು ಕೆಳಗಿನದು. ಎರಡೂ ಒಂದೇ ಜಾಗದಲ್ಲಿ ಸಂಧಿಸಬೇಕು. ಶಿಕೋಕುವಿನಲ್ಲಿ ನೀರು ಆ ಬಿಸಿ ಮೂಲೆಗೆ ತಲುಪುವ ಮೊದಲೇ ಖರ್ಚಾಗುತ್ತದೆ. ನಡುಕವಾಗಿ, ಬೆಣಚಿನ ಎಳೆಯಾಗಿ, ಉಪ್ಪುಬುಗ್ಗೆಯಾಗಿ. ಹೀಗಾಗಿ ಬಿಸಿ ಫಲಕದ ಮೇಲೆ ಬೆಂಕಿಯಿಲ್ಲ, ತಣ್ಣನೆಯದರ ಮೇಲೆ ಬೆಂಕಿಯ ಸಾಲು.

ಎರಡು ಸಲ ಹೇಳಿಸಿಕೊಂಡೆ. ತಲೆಕೆಳಗಾದ ಲೆಕ್ಕ ಅನ್ನಿಸಿದರೂ ಪಕ್ಕಾ ಲೆಕ್ಕ.

ಶಿಖರದ ಒಕಾಮಾ ಸರೋವರ ಜ್ವಾಲಾಮುಖಿಯ ಬಾಯಲ್ಲೇ ಇದೆ. ಸುತ್ತಳತೆ ಸುಮಾರು ಒಂದು ಕಿಲೋಮೀಟರ್, ಪಾಚಿಹಸಿರಿನ ನೀರು. ಮೋಡ ಸರಿದಂತೆ ಬಣ್ಣ ಬದಲಾಗುತ್ತಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಬೇಗ ಇಳಿದು ಜಾವೋ ಊರಿನ ಸ್ನಾನಗೃಹ ಸೇರಿದೆವು. ಬಸ್ಸಿಳಿಯುತ್ತಲೇ ಗಂಧಕದ ವಾಸನೆ ಮೂಗಿಗೆ ಬಡಿಯಿತು. ನೀರಿನ ಪಿಎಚ್ 2ಕ್ಕಿಂತ ಕಡಿಮೆ, ಪಾಠದ ಆಮ್ಲವೇ. ಶಿಲಾಪಾಕದಿಂದ ಹೊರಟ ಅನಿಲಗಳು ನೆಲದ ನೀರಿನಲ್ಲಿ ಕರಗಿ ಹೀಗಾಗುತ್ತದೆ. ಒಡವೆ ಕಳಚಿಡಿ ಎಂದು ಗೋಡೆಯ ಮೇಲೆ ಬರೆದಿತ್ತು. ಉಂಗುರ, ಬಳೆ ತೆಗೆದೆ. ಎಡಗಾಲಿನ ಬೆಳ್ಳಿ ಕಾಲುಂಗುರವನ್ನು ಬೇಕೆಂದೇ ಬಿಟ್ಟುಕೊಂಡು, ಬಲಗಾಲಿನದನ್ನು ಮಾತ್ರ ಕಳಚಿದೆ. ಹೋಲಿಸಿ ನೋಡಲು ಒಂದಾದರೂ ಬೇಕಲ್ಲ.

ಸ್ನಾನ ಮುಗಿಸಿ ಎದ್ದಾಗ ಎಡಗಾಲಿನದು ಕಾಡಿಗೆಗಪ್ಪು. “ಅಮ್ಮ ನನ್ನನ್ನೇ ಬೈಯುತ್ತಾರೆ” ಎಂದು ಹುಡುಗಿ ಗಾಬರಿಯಾದಳು. ರಾತ್ರಿ ವಸತಿಗೃಹದ ಅಡುಗೆಮನೆಯಿಂದ ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಒಂದು ಬಟ್ಟಲು ಕುದಿನೀರು ಬೇಡಿ ತಂದೆವು. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂಗೆ ಅಂಟಿಕೊಳ್ಳಲು ಸುಮಾರು ಹತ್ತು ನಿಮಿಷ ಹಿಡಿಯಿತು. ಸಮೀಕರಣವನ್ನು ಸರಿದೂಗಿಸುವ ಕೆಲಸ ಅವಳಿಗೆ ಕೊಟ್ಟೆ. ಎರಡನೆಯ ಯತ್ನದಲ್ಲಿ ಸರಿಯಾಗಿ ಬರೆದಳು.